ಮೊದಲು ಸ್ಕ್ರೂಡ್ರೈವರ್, ಆಮೇಲೆ ಪೆನ್ನು

ವಿಡಿಯೊ ಗೇಮ್ ಯಂತ್ರದ ಒಳಗೇನಿದೆ ಎಂದು ಕನ್ನಡದಲ್ಲಿ ಬರೆಯಹೊರಡುವ ಹೆಚ್ಚಿನವರು ಕೊನೆಗೆ ಬರೆಯುವುದು ಅಮೆರಿಕದ ಯಾವುದೋ ಪೆಟ್ಟಿಗೆಯ ವಿವರ. ರಾಜಾಜಿನಗರ, ಬಸವೇಶ್ವರನಗರದ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿರುವುದು ಅದಲ್ಲ. 1983ರ ಜುಲೈ 15ರಂದು ನಿಂಟೆಂಡೊ ಜಪಾನಿನಲ್ಲಿ ಮಾರಾಟಕ್ಕಿಟ್ಟ ಫ್ಯಾಮಿಕಾಮ್‌ನ ನಕಲು, ತೊಂಬತ್ತರ ದಶಕದಲ್ಲಿ ‘ಟಿವಿ ಗೇಮ್’ ಎಂದು ಮನೆಮನೆಗೆ ಬಂದದ್ದು. ಅದರ ಬಗ್ಗೆ ಬರೆಯಿರಿ. ಬರೆಯುವ ಮುಂಚೆ ಇಷ್ಟು ನೆನಪಿರಲಿ.

1. ಬಿಚ್ಚದೆ ಬರೆಯಬೇಡಿ.
ಅಟ್ಟದಲ್ಲಿ ಸಿಗದಿದ್ದರೆ ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿನಲ್ಲಿ ಕೇಳಿ ನೋಡಿ. ಕೆಟ್ಟುಹೋದದ್ದೇ ಇರಲಿ, ಬಿಚ್ಚುವಾಗ ಕೈ ನಡುಗುವುದಿಲ್ಲ. ಒಳಗೆ ಕಾಣುವುದು ಸಣ್ಣದೊಂದು ಬೋರ್ಡು, 60 ಪಿನ್ನಿನ ಕ್ಯಾಸೆಟ್ ಸಾಕೆಟ್, 5 ವೋಲ್ಟ್ ಕೊಡುವ ರೆಗ್ಯುಲೇಟರ್, ಬಹಳ ಸಲ ನಡುವೆ ಒಂದು ಕಪ್ಪು ಗುಪ್ಪೆ. ಚಿಪ್ ಇರುವುದು ಆ ಎಪಾಕ್ಸಿಯ ಅಡಿಯಲ್ಲಿ. ಹೆಸರಿಲ್ಲ, ನಂಬರಿಲ್ಲ. ಕಾಣದ ನಂಬರನ್ನು ಬೇರೆಲ್ಲಿಂದಲೋ ತಂದು ಅಂಟಿಸಬೇಡಿ.

2. ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ.

3. ಕ್ರಿಸ್ಟಲ್ ಮೇಲಿನ ಅಂಕಿ ಓದಿ, ಆಮೇಲೆ ಕಿವಿಯಿಂದ ಪರೀಕ್ಷಿಸಿ.
ನಮ್ಮ ಹಳೆಯ ಟಿವಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಸಲ ತೆರೆ ತುಂಬುತ್ತವೆ. ಜಪಾನ್, ಅಮೆರಿಕದಲ್ಲಿ 60 ಸಲ. 60ಕ್ಕೆಂದು ಬರೆದ ಆಟ 50ರಲ್ಲಿ ಓಡಿದರೆ ಮಾರಿಯೊ ಆರರಲ್ಲೊಂದು ಪಾಲು ನಿಧಾನವಾಗುತ್ತಾನೆ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಮುಂದಿನದು ನಿಮ್ಮ ಕೆಲಸ.

ಬೋರ್ಡಿನ ಮೇಲೆ ಬೆಳ್ಳಿ ಬಣ್ಣದ ಚಿಕ್ಕ ಡಬ್ಬಿ ಇರುತ್ತದೆ, ಅದೇ ಕ್ರಿಸ್ಟಲ್. ಅದರ ಮೇಲೆ 26.601 ಎಂದು ಶುರುವಾಗುವ ಅಂಕಿ ಇದ್ದರೆ ಅದು ಮೆಗಾಹರ್ಟ್ಸ್. ನಿಂಟೆಂಡೊದ ಅಸಲಿ ಪಾಲ್ ಯಂತ್ರ ಅದನ್ನು 16ರಿಂದ ಭಾಗಿಸಿ ಪ್ರೊಸೆಸರಿಗೆ 1.66 ಮೆಗಾಹರ್ಟ್ಸ್ ಕೊಡುತ್ತದೆ. ನಕಲು ಚಿಪ್‌ಗಳಲ್ಲಿ ಹಲವು 15ರಿಂದ ಭಾಗಿಸುತ್ತವೆ, ಬರುವುದು 1.77. ಜಪಾನಿನ ಅಸಲಿ ಯಂತ್ರದ 1.79ಕ್ಕೆ ಅದು ತೀರಾ ಹತ್ತಿರ. ಜಪಾನಿ ಆಟಗಳು ಮುಗ್ಗರಿಸದೆ ಓಡಬೇಕಲ್ಲ! ಹಾಗಾಗಿ ಯೂರೋಪಿನ ಯಂತ್ರದ ಪಟ್ಟಿ ನೋಡಿ ‘1.66’ ಎಂದು ಬರೆದರೆ ಅದು ನಿಮ್ಮ ಮೇಜಿನ ಮೇಲಿರುವ ಪೆಟ್ಟಿಗೆಯ ವೇಗ ಆಗಿರದೇ ಇರಬಹುದು.

ಗುಪ್ಪೆಯೊಳಗೆ 15ರ ಭಾಗಾಕಾರವೋ 16ರದೋ, ತಿಳಿಯುವುದು ಹೇಗೆ? ಆಸಿಲೋಸ್ಕೋಪ್ ಬೇಡ, ಓಡುವ ಪೆಟ್ಟಿಗೆಯೊಂದು ಸಿಕ್ಕರೆ ಸಾಕು. ಈ ಯಂತ್ರದಲ್ಲಿ ಸ್ವರ ಎಷ್ಟು ಮೇಲಿರಬೇಕೆಂಬುದು ಪ್ರೊಸೆಸರಿನ ಗಡಿಯಾರದಿಂದ ಬರುತ್ತದೆ, ಹಾಡಿನ ನಡಿಗೆ ತೆರೆಯ ಎಣಿಕೆಯಿಂದ. ಶ್ರುತಿ ಚಿಪ್‌ನದು, ಲಯ ಟಿವಿಯದು. 1.66 ಆಗಿದ್ದರೆ ಮಾರಿಯೊ ಹಾಡು ಜಪಾನಿನದಕ್ಕಿಂತ ಹಾರ್ಮೋನಿಯಂನ ಒಂದು ಮನೆಗೂ ತುಸು ಹೆಚ್ಚೇ ಕೆಳಗಿಳಿದಿರುತ್ತದೆ. 1.77 ಆಗಿದ್ದರೆ ಇಳಿದದ್ದು ಕಿವಿಗೆ ಗೊತ್ತೇ ಆಗುವುದಿಲ್ಲ, ಹಾಡು ನಿಧಾನವಾಗಿರುತ್ತದೆ ಅಷ್ಟೆ. ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ನೋಡಿ. ಮನೆಯಲ್ಲಿ ಸಂಗೀತ ಕಲಿತವರಿದ್ದರೆ ಅದೂ ಬೇಡ.

4. ‘ಊದಿದರೆ ಸರಿಹೋಗುತ್ತಿತ್ತು’ ಎಂಬುದನ್ನು ವಿಚಾರಿಸದೆ ಬಿಡಬೇಡಿ.
ಕ್ಯಾಸೆಟ್ ಊದುವ ಬಗ್ಗೆ ಬರೆಯುವವರು ಅಮೆರಿಕದ ಕಾರಣವನ್ನೇ ಇಳಿಸಿಕೊಳ್ಳುತ್ತಾರೆ. ಅಲ್ಲಿನ ನಿಂಟೆಂಡೊದಲ್ಲಿ ಕ್ಯಾಸೆಟ್ ಅಸಲಿಯೇ ಎಂದು ತನಿಖೆ ಮಾಡುವ ಬೀಗದ ಚಿಪ್ ಇತ್ತು. 72 ಪಿನ್ನುಗಳಲ್ಲಿ ಸಂಪರ್ಕ ಸರಿಯಾಗದಿದ್ದರೆ ಅದು ಯಂತ್ರವನ್ನು ಮತ್ತೆಮತ್ತೆ ರೀಸೆಟ್ ಮಾಡುತ್ತಿತ್ತು, ತೆರೆ ಮಿಣುಕುತ್ತಿತ್ತು. ಜಪಾನಿನ ಫ್ಯಾಮಿಕಾಮ್‌ನಲ್ಲಿ ಆ ಚಿಪ್ ಇರಲಿಲ್ಲ, ಅದರ ನಕಲಿನಲ್ಲಿ ಎಲ್ಲಿಂದ ಬರಬೇಕು? ನಮ್ಮಲ್ಲಿ ಕೊಳೆ ಹಿಡಿದ ಪಿನ್ನಿನಿಂದ ತಪ್ಪು ಬೈಟ್ ಬರುತ್ತಿತ್ತು, ತೆರೆಯ ಮೇಲೆ ಚೌಕಗಳು ಚೆಲ್ಲಾಪಿಲ್ಲಿಯಾಗಿ ಆಟ ನಿಂತುಬಿಡುತ್ತಿತ್ತು. ಊದಿದ ಉಸಿರಿಗಿಂತ ತೆಗೆದು ಮತ್ತೆ ಸಿಕ್ಕಿಸಿದ್ದೇ ಕೆಲಸ ಮಾಡಿರಬೇಕು. ಉಸಿರಿನ ತೇವದಿಂದ ಪಿನ್ನು ಕಿಲುಬು ಹಿಡಿಯುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಹತ್ತಿಗೆ ಹತ್ತಿದ ಕಪ್ಪನ್ನೂ ಫೋಟೊ ತೆಗೆಯಿರಿ.

5. ಓದುಗ ಒಬ್ಬನೇ ಇರಲಿ.
ಹಂಪಿನಗರದ ಗ್ರಂಥಾಲಯದಲ್ಲಿ ಪುಸ್ತಕ ಹರಡಿಕೊಂಡು ಕೂತ ಪಿಯುಸಿ ಹುಡುಗಿಗೋ, ಕೆಂಗೇರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗೋ? ಇಬ್ಬರಿಗೂ ಬರೆದರೆ ಇಬ್ಬರೂ ಎದ್ದುಹೋಗುತ್ತಾರೆ. ಯು.ಬಿ. ಪವನಜ ಅವರು ‘ಪ್ರಜಾವಾಣಿ’ಯಲ್ಲಿ ಬರೆದ ‘ಗ್ಯಾಜೆಟ್ ಲೋಕ’ ಅಂಕಣ ಹುಡುಕಿ ಓದಿ. ಮಾತು ಯಾರಿಗೆ ಹೇಳುತ್ತಿದ್ದಾರೆ ಎಂಬ ಗೊಂದಲ ಅಲ್ಲಿಲ್ಲ.

6. ಬಿಟ್ ಯಾವುದು, ಬೈಟ್ ಯಾವುದು ಎಂದು ಎರಡು ಸಲ ನೋಡಿ.
ಸೆಗಾ ಕ್ಯಾಸೆಟ್ಟುಗಳನ್ನು ಮಾರಿದ್ದು ಮೆಗಾಬಿಟ್ ಲೆಕ್ಕದಲ್ಲಿ. ಮೊದಲ ಸಾನಿಕ್ 4 ಮೆಗಾಬಿಟ್, ಅಂದರೆ 512 ಕಿಲೊಬೈಟ್. ಎಂಟು ಪಟ್ಟಿನ ಎಡವಟ್ಟು ಹೀಗೇ ಆಗುವುದು. ಅಂಕಿಗೆ ಅಳತೆಗೋಲನ್ನೂ ಕೊಡಿ: ಫ್ಯಾಮಿಕಾಮ್ ಪ್ರೊಸೆಸರಿನ ರ‍್ಯಾಮ್ 2,048 ಬೈಟ್. ಯೂನಿಕೋಡ್ ಕನ್ನಡದಲ್ಲಿ (ಯುಟಿಎಫ್-8) ಕಾಗುಣಿತದ ಚಿಹ್ನೆಯೂ ಸೇರಿ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಈ ಲೇಖನದ ಪೀಠಿಕೆ ಮತ್ತು ಮೊದಲ ಸೂತ್ರಕ್ಕೇ ಆ ರ‍್ಯಾಮ್ ಸಾಲದು.

7. ಮಾಡೆಲ್ ನಂಬರ್ ಬರೆಯದೆ ತೀರ್ಪು ಕೊಡಬೇಡಿ.
‘ಪಿಎಸ್3ರಲ್ಲಿ ಪಿಎಸ್2 ಆಟ ಓಡುತ್ತದೆ’ ಎಂಬ ಒಂದೇ ವಾಕ್ಯ ಒಂದು ಪೆಟ್ಟಿಗೆಗೆ ನಿಜ, ಇನ್ನೊಂದಕ್ಕೆ ಸುಳ್ಳು. 2006ರಲ್ಲಿ ಜಪಾನ್, ಅಮೆರಿಕದಲ್ಲಿ ಬಂದ ಪಿಎಸ್3ಗಳೊಳಗೆ ಪಿಎಸ್2ರ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಇದ್ದವು. 2007ರಲ್ಲಿ ಯೂರೋಪಿಗೆ ಹೋದದ್ದರಲ್ಲಿ ಪ್ರೊಸೆಸರ್ ಇರಲಿಲ್ಲ, ಆಮೇಲಾಮೇಲೆ ಎರಡನ್ನೂ ತೆಗೆದರು.

8. ದೊಡ್ಡ ಅಂಕಿ ಬಂದರೆ ಗುಣಾಕಾರ ತೋರಿಸಿ.
ಪಿಎಸ್5ರ 10.28 ಟೆರಾಫ್ಲಾಪ್ ಆಕಾಶದಿಂದ ಉದುರಿದ್ದಲ್ಲ. 36 ಗಣನಾ ಘಟಕ, ಒಂದೊಂದರಲ್ಲಿ 64 ಲೆಕ್ಕಿಗರು, ಪ್ರತಿ ಟಿಕ್‌ಗೆ ಎರಡು ಲೆಕ್ಕ, ಗರಿಷ್ಠ 2.23 ಗಿಗಾಹರ್ಟ್ಸ್. ಓದುಗರೇ ಗುಣಿಸಿ ನೋಡಲಿ. ‘ಗರಿಷ್ಠ’ ಎಂಬುದನ್ನು ಮಾತ್ರ ನುಂಗಬೇಡಿ. ಆ ಚಿಪ್ ಎಎಂಡಿಯದು, ಎಎಂಡಿ 2023ರಲ್ಲಿ ದೊಡ್ಡ ವಿನ್ಯಾಸ ಕೇಂದ್ರ ತೆರೆದದ್ದು ಬೆಂಗಳೂರಿನಲ್ಲಿ. ಎರಡನ್ನೂ ಗಂಟುಹಾಕಿ ‘ನಮ್ಮೂರಲ್ಲೇ ಹುಟ್ಟಿದ ಪಿಎಸ್5’ ಎಂದು ಶೀರ್ಷಿಕೆ ಕೊಡುವ ಚಪಲ ಬರುತ್ತದೆ. ಪಿಎಸ್5 ಬಂದದ್ದು 2020ರಲ್ಲಿ, ಚಪಲಕ್ಕೆ ಆ ಇಸವಿಯೇ ಮದ್ದು.

9. ತಿದ್ದುವುದು ಮಾರನೆಯ ದಿನ.
ಮೊದಲ ಪ್ಯಾರಾ ತೆಗೆದು ನೋಡಿ, ಲೇಖನಕ್ಕೆ ಏನೂ ಆಗದಿದ್ದರೆ ಅದು ಹೋಗಲಿ. ‘ಅದ್ಭುತ’, ‘ಕ್ರಾಂತಿಕಾರಿ’ ಎಂಬಲ್ಲೆಲ್ಲ ಅಂಕಿಯೋ ಕಾರಣವೋ ಬರಲಿ. ಆಮೇಲೆ ನಿಮ್ಮ ಬೀದಿಯ ಟಿವಿ ರಿಪೇರಿಯವರ ಅಂಗಡಿಗೆ ಹೋಗಿ, ಅವರು ಬೆಸುಗೆ ಹಾಕುತ್ತಿರುವಾಗಲೇ ಗಟ್ಟಿಯಾಗಿ ಓದಿ. ‘ಏನ್ ಸಾರ್ ಹಂಗಂದ್ರೆ?’ ಎಂದು ಕೇಳಿದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳಿ. ‘ಅದು ಹಂಗಲ್ಲ ಸಾರ್’ ಎಂದರೆ ಓದುವುದನ್ನು ನಿಲ್ಲಿಸಿ, ಬೋರ್ಡನ್ನು ಅವರ ಕೈಗೆ ಕೊಡಿ.