ಇವರಿಂದ, ಇವರಿಗೆ, ವಿಷಯ

ಚಿರಂಜೀವಿ ಮೊಮ್ಮಗಳಿಗೆ,

ದಸರಾ ರಜೆಯಲ್ಲಿ ಜಗುಲಿಯ ಮೇಲೆ ಕೂತು ನೀನು ಚಾಟ್‌ಜಿಪಿಟಿಯನ್ನು ಬೈಯುತ್ತಿದ್ದೆ. ‘ಊರಿಗೆ ಬಸ್ ಬೇಕೂಂತ ಒಂದು ಅರ್ಜಿ ಬರೆದುಕೊಡು’ ಎಂದು ಕೇಳಿದ್ದೆ. ಸಾರಿಗೆಯ ಮಹತ್ವ, ಗ್ರಾಮಗಳ ಅಭಿವೃದ್ಧಿ ಎಂದು ಒಂದೂವರೆ ಪುಟ ಬಂತು. ಯಾವ ಊರು, ಎಷ್ಟು ಹೊತ್ತಿನ ಬಸ್ಸು, ಯಾರಿಗೆ ತೊಂದರೆ, ಒಂದೂ ಇಲ್ಲ. ‘ಇದಕ್ಕೆ ಬುದ್ಧಿಯಿಲ್ಲ ತಾತ’ ಅಂದೆ. ಬುದ್ಧಿಯ ಮಾತು ಆಮೇಲೆ. ನೀನು ಅದಕ್ಕೆ ಹೇಳಿದ್ದಾದರೂ ಏನು?

ಮೂವತ್ತು ವರ್ಷ ತಾಲ್ಲೂಕು ಆಫೀಸಿನ ಮುಂದೆ ಕೂತು ಅರ್ಜಿ ಬರೆದವನು ನಾನು. ಬಂದವರೆಲ್ಲ ‘ಒಂದು ಅರ್ಜಿ ಗೀಚಿಕೊಡಿ ಸ್ವಾಮಿ’ ಅನ್ನುವವರೇ. ನಾನು ಪೆನ್ನಿನ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ಪೌತಿ ಖಾತೆಯೋ, ಪಹಣಿ ತಿದ್ದುಪಡಿಯೋ? ಸರ್ವೆ ನಂಬರ್ ಎಷ್ಟು? ಅಪ್ಪ ತೀರಿಕೊಂಡದ್ದು ಯಾವಾಗ? ವಂಶವೃಕ್ಷ ಮಾಡಿಸಿದ್ದೀರಾ? ಕಾಲು ಗಂಟೆ ಪ್ರಶ್ನೆ, ಐದು ನಿಮಿಷ ಬರಹ. ಈ ಯಂತ್ರ ತಾನಾಗಿ ಹೀಗೆ ಕೇಳುವುದು ಕಡಿಮೆ. ಓದಿದ ರಾಶಿ ಬರಹದ ಜಾಡು ಹಿಡಿದು, ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕುತ್ತಾ ಹೋಗುತ್ತದೆ. ನೀನು ಖಾಲಿ ಬಿಟ್ಟ ಜಾಗವನ್ನು ತಾನೇ ತುಂಬಿಬಿಡುತ್ತದೆ.

ಇದಕ್ಕೆ ಮದ್ದು ನಮ್ಮ ಅರ್ಜಿಯ ನಮೂನೆಯಲ್ಲೇ ಇದೆ. ಇವರಿಂದ: ಕೇಳುವವರು ಯಾರು. ಇವರಿಗೆ: ಓದುವವರು ಯಾರು. ವಿಷಯ: ಆಗಬೇಕಾದ ಕೆಲಸ, ಒಂದೇ ಸಾಲಿನಲ್ಲಿ. ಲಗತ್ತು: ನಿನ್ನ ಕೈಯಲ್ಲಿರುವ ಸಂಗತಿ, ಸಿಕ್ಕರೆ ಒಂದು ಒಳ್ಳೆಯ ಮಾದರಿ. ಮೊನ್ನೆ ನಾನೇ ಹೀಗೆ ಟೈಪ್ ಮಾಡಿದೆ:

‘ನಾನು ಪಿಯುಸಿ ಓದುವ ಹುಡುಗಿಯ ತಾತ. ಡಿಪೋ ಮ್ಯಾನೇಜರಿಗೆ ಕನ್ನಡದಲ್ಲಿ ಅರ್ಜಿ ಬೇಕು. ಬೆಳಗಿನ ಬಸ್ಸು 7ಕ್ಕೆ, ಮುಂದಿನದು 10.30ಕ್ಕೆ. ಕಾಲೇಜು 9.30ಕ್ಕೆ. 23 ಮಕ್ಕಳು ಮೊದಲ ಬಸ್ಸಿಗೇ ಹೋಗಿ ಗೇಟಿನ ಹತ್ತಿರ ಕಾಯುತ್ತಾರೆ. 8.30ಕ್ಕೆ ಒಂದು ಬಸ್ಸು ಬಿಡಬೇಕು. ಹತ್ತು ಸಾಲು ಮೀರಬಾರದು. ನಾನು ಹೇಳದ ಅಂಕಿಅಂಶ ಸೇರಿಸಬೇಡ. ಮಾಹಿತಿ ಸಾಲದಿದ್ದರೆ ಬರೆಯುವ ಮುಂಚೆ ನನ್ನನ್ನು ಕೇಳು.’

ಕೇಳಿತು ನೋಡು: ‘ನಿಮ್ಮ ಊರಿನ ಹೆಸರೇನು?’ ಮೂವತ್ತು ವರ್ಷದ ಅನುಭವಸ್ಥ ಊರಿನ ಹೆಸರನ್ನೇ ಬಿಟ್ಟಿದ್ದೆ!

ಕರಡು ಹಿಡಿಸದಿದ್ದರೆ ‘ಚೆನ್ನಾಗಿಲ್ಲ’ ಎಂದು ಸುಮ್ಮನಾಗಬೇಡ. ‘ಮೂರನೆಯ ಸಾಲು ತೆಗೆ, ಮಕ್ಕಳ ಸಂಖ್ಯೆ ಮೊದಲು ಬರಲಿ’ ಎಂದು ಬಿಡಿಸಿ ಹೇಳು. ಆಧಾರ್ ನಂಬರು, ಬ್ಯಾಂಕ್ ಖಾತೆ ಮಾತ್ರ ಅದರ ಮುಂದೆ ಬಿಚ್ಚಬೇಡ.

ಇಷ್ಟೆಲ್ಲ ಮಾಡಿದರೂ ಅದು ಸುಳ್ಳು ಹೆಣೆಯಬಹುದು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಹಾಕಿಸಿಕೊಂಡರು. ‘ಇವು ನಿಜವೇ?’ ಎಂದು ಅವರಲ್ಲೊಬ್ಬರು ಅದನ್ನೇ ವಿಚಾರಿಸಿದ್ದರು. ಹೌದು ಎಂದಿತ್ತು.

ಓದು ಬಾರದವರು ಹೆಬ್ಬೆಟ್ಟು ಒತ್ತುವ ಮುಂಚೆ ನಾನು ಅರ್ಜಿಯನ್ನು ಪೂರ್ತಿ ಓದಿ ಹೇಳುತ್ತಿದ್ದೆ. ನಿನಗೆ ಓದು ಬರುತ್ತದೆ. ಬರೆದವರು ಯಾರೇ ಆಗಲಿ, ಕೆಳಗೆ ಬೀಳುವ ರುಜು ನಿನ್ನದು. ಪೂರ್ತಿ ಓದಿ ರುಜು ಹಾಕು.

ಇಂತಿ,
ನಿನ್ನ ತಾತ