ಬೆವರಿದ ಎದೆಯ ಮೇಲೆ ಇಸಿಜಿ ನಿಲ್ಲೋದು ಹೇಗೆ?

ಈ ವರ್ಷ ಕ್ಲಾಸ್ ಪ್ರಾಜೆಕ್ಟಿಗೆ ನಮಗೆ ಸಿಕ್ಕ ಪ್ರಶ್ನೆ ಕೇಳೋಕೆ ತಮಾಷೆಯಾಗಿತ್ತು: ರೋಗಿ ಬೆವರಿದ್ದರೆ ಇಸಿಜಿ ಸ್ಟಿಕ್ಕರ್ ಕಿತ್ತು ಬರುತ್ತೆ, ಏನು ಮಾಡೋದು? ನಕ್ಕೆವು. ಆಮೇಲೆ ನಮ್ಮಲ್ಲೊಬ್ಬ ತನ್ನ ಸೋದರಮಾವನ ಕತೆ ಹೇಳಿದ. ರಾಯಚೂರಿನ ಮೇ ತಿಂಗಳು, ಎದೆನೋವು, ಮೈಯೆಲ್ಲ ನೀರು. ಮೊದಲೆರಡು ಇಸಿಜಿ ಹಾಳೆಗಳಲ್ಲಿ ಬರೀ ಗೀಚು. ಮೈ ಒರೆಸಿ ಮೂರನೇ ಸಲ ತೆಗೆದಾಗಲೇ ಹೃದಯಾಘಾತ ಅಂತ ಗೊತ್ತಾಗಿದ್ದು. ನಮ್ಮ ನಗು ನಿಂತಿತು.

ನಾವಿರುವ ಸಿಯಾಟಲ್‌ನಲ್ಲಿ ಡಾ. ಲೆನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ 1970ರಲ್ಲಿ 'ಮೆಡಿಕ್ ಒನ್' ಶುರುಮಾಡಿದರು. ಹೃದಯದ ಚಿಕಿತ್ಸೆಯನ್ನು ರೋಗಿ ಇರುವ ಕಡೆಗೇ ಒಯ್ಯುವುದು ಅದರ ಉದ್ದೇಶ. ಆದರೆ ಹೃದಯಾಘಾತವಾದಾಗ ಅನೇಕರಿಗೆ ತಣ್ಣನೆ ಬೆವರು ಕಿತ್ತುಕೊಂಡು ಬರುತ್ತೆ. ಅಂದರೆ ಇಸಿಜಿ ಯಾರಿಗೆ ತೀರಾ ಬೇಕೋ ಅವರ ಮೈಗೇ ಅದು ಅಂಟೋದಿಲ್ಲ!

ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು 1 ಮಿಲಿವೋಲ್ಟ್. ಹೃದಯಾಘಾತ ಗುರುತಿಸಲು ವೈದ್ಯರು ನೋಡುವ ಎಸ್‌ಟಿ ಭಾಗದ ಏರಿಕೆ ಹಾಳೆಯಲ್ಲಿ 1 ಮಿಲಿಮೀಟರ್ ಇದ್ದರೆ, ಅದು ಬರೀ 0.1 ಮಿಲಿವೋಲ್ಟ್. ಎಲೆಕ್ಟ್ರೋಡ್ ಸ್ವಲ್ಪ ಜಾರಿದರೂ ಅದಕ್ಕಿಂತ ದೊಡ್ಡ ಗೀಚು ಬರಬಹುದು.

ಬೆವರು ವಿದ್ಯುತ್ತನ್ನು ತಡೆಯುತ್ತೆ ಅಂದುಕೊಂಡಿದ್ದೆವು. ತಪ್ಪು. ಅದು ಉಪ್ಪುನೀರು ತಾನೇ? ಇಸಿಜಿಗಾಗಿ 1924ರ ನೊಬೆಲ್ ಪಡೆದ ಐಂತೋವನ್, ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಡಿಸಿಯೇ ಅಳೆಯುತ್ತಿದ್ದರು. ಬೆವರು ವಿದ್ಯುತ್ತಿನ ಶತ್ರುವಲ್ಲ, ಗೋಂದಿನ ಶತ್ರು.

ಹಾಗಾದರೆ ಸಾಫ್ಟ್‌ವೇರ್ ಫಿಲ್ಟರ್ ಹಾಕಿದರಾಯ್ತಲ್ಲ? ಆಗಲ್ಲ. ಜಾರುವಿಕೆಯ ಗದ್ದಲವೂ ಎಸ್‌ಟಿ ಭಾಗವೂ ಹೆಚ್ಚಾಗಿ ಕಡಿಮೆ ಆವರ್ತನದಲ್ಲೇ ಇರುತ್ತವೆ. ಒಂದನ್ನು ತೆಗೆದರೆ ಇನ್ನೊಂದರ ಆಕಾರ ಕೆಡುತ್ತೆ. ಪರಿಹಾರ ಚರ್ಮದ ಮೇಲೆಯೇ ಆಗಬೇಕು.

ನಾವು ಎಲಾಸ್ಟಿಕ್ ಪಟ್ಟಿ ಮಾಡಿ, ಮೆಟ್ಟಿಲು ಹತ್ತಿಳಿದು ಬೆವರಿ, ನಮ್ಮ ಮೇಲೇ ಪರೀಕ್ಷಿಸಿದೆವು. ಗೀಚು ಕಡಿಮೆಯಾಯ್ತು. ಆದರೆ ಎದೆಯ ಆರು ಎಲೆಕ್ಟ್ರೋಡುಗಳು ಪ್ರತಿ ಮೈಕಟ್ಟಿಗೂ ಸರಿಯಾದ ಜಾಗಕ್ಕೆ ಕೂರಲಿಲ್ಲ. ಜಾಗ ತಪ್ಪಿದರೆ ಓದೂ ತಪ್ಪುತ್ತೆ. ಕೊನೆಗೆ ಗೆದ್ದಿದ್ದು ಹಳೇ ಉಪಾಯಗಳೇ: ಒಣ ಟವೆಲ್ಲಿನಿಂದ ಉಜ್ಜಿ ಒರೆಸೋದು, ಕೂದಲಿದ್ದರೆ ಕತ್ತರಿಸೋದು, ಆಗತಾನೇ ಒಡೆದ ಪ್ಯಾಕೆಟ್ಟಿನ ಎಲೆಕ್ಟ್ರೋಡ್ ಹಚ್ಚೋದು, ನಡುವೆ ಅಲ್ಲ, ಅಂಚಿನ ಸುತ್ತ ಒತ್ತೋದು. ನಡುವೆ ಒತ್ತಿದರೆ ಜೆಲ್ ಹೊರಬಂದು ಅಂಟೇ ಹೋಗುತ್ತೆ.

ಪಟ್ಟಿಯನ್ನು ನಾವಿನ್ನೂ ಕೈಬಿಟ್ಟಿಲ್ಲ. ನೀವು ಮಾತ್ರ ಒಂದು ನೆನಪಿಡಿ: ಎದೆನೋವಿನ ಜೊತೆ ತಣ್ಣನೆ ಬೆವರು ಬಂದರೆ 'ಸೆಕೆ ಇರಬೇಕು' ಅನ್ನಬೇಡಿ. ಇಲ್ಲಿ 911, ಊರಲ್ಲಿ 108. ಫೋನ್ ಮೊದಲು, ಟವೆಲ್ ಆಮೇಲೆ.