ಅಂಗಾಲಿನ ಕಪ್ಪು ಮಚ್ಚೆ: ಬಯಾಪ್ಸಿಗೆ ಅಂಜಬೇಡಿ

ಅರಕಲಗೂಡು ಸೀಮೆಯ ಗದ್ದೆ, ಆಲೂಗಡ್ಡೆ, ಹೊಗೆಸೊಪ್ಪಿನ ಹೊಲಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಅಂಗಾಲಿನ ಆಣಿ, ಮುಳ್ಳು ಚುಚ್ಚಿದ ಕಲೆ ಹೊಸದಲ್ಲ. ಇವುಗಳಲ್ಲಿ ಬಹುಪಾಲು ಅಪಾಯಕಾರಿಯಲ್ಲ. ಆದರೆ ಕಪ್ಪು ಮಚ್ಚೆಯೊಂದು ದೊಡ್ಡದಾಗುತ್ತಿದ್ದರೆ, ಅದರ ಅಂಚು ಅಂಕುಡೊಂಕಾಗಿ ಬಣ್ಣ ಬದಲಾಗುತ್ತಿದ್ದರೆ, ರಕ್ತ ಒಸರಿದರೆ ಅಥವಾ ತಿಂಗಳಾದರೂ ಹುಣ್ಣು ಮಾಯದಿದ್ದರೆ ಉದಾಸೀನ ಸಲ್ಲದು. ಉಗುರಿನಡಿ ಹೊಸದಾಗಿ ಮೂಡಿದ ಕಪ್ಪು ಗೆರೆಯನ್ನೂ ವೈದ್ಯರಿಗೆ ತೋರಿಸಬೇಕು.

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಭಾರತೀಯರಲ್ಲಿ ಅಪರೂಪ. ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರುಗಳ ಬಳಿ ಕಾಣಿಸಿಕೊಳ್ಳುತ್ತದೆ. ಜಮೈಕಾದ ಖ್ಯಾತ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಹುಣ್ಣನ್ನು ಮೊದಲು ಫುಟ್‌ಬಾಲ್ ಆಟದ ಗಾಯವೆಂದೇ ತಿಳಿಯಲಾಗಿತ್ತು. ಅದು ಮೆಲನೋಮಾ ಎಂದು ಗೊತ್ತಾದದ್ದು 1977ರಲ್ಲಿ. 1981ರಲ್ಲಿ, 36ನೆಯ ವಯಸ್ಸಿಗೇ ಅವರು ತೀರಿಕೊಂಡರು.

ಕಣ್ಣಳತೆಯಿಂದ ಮಾತ್ರ ಈ ರೋಗವನ್ನು ಖಚಿತಪಡಿಸಲಾಗದು. ಅದಕ್ಕೇ ಬಯಾಪ್ಸಿ ಬೇಕು. ಆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಮಚ್ಚೆ ಚಿಕ್ಕದಿದ್ದರೆ ಪೂರ್ತಿಯಾಗಿ, ದೊಡ್ಡದಿದ್ದರೆ ಒಂದು ಚೂರನ್ನು ತೆಗೆಯುತ್ತಾರೆ. ಸೂಜಿ ಚುಚ್ಚುವಾಗಿನ ಉರಿ ಕ್ಷಣಕಾಲದ್ದು. ತೆಗೆದ ಚರ್ಮವನ್ನು ಫಾರ್ಮಲಿನ್ ದ್ರಾವಣದಲ್ಲಿಟ್ಟು, ತೆಳು ಪದರಗಳಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಕುಷ್ಠವೇ ಮೊದಲಾದ ಬೇರೆ ಚರ್ಮರೋಗಗಳ ಪತ್ತೆಗೂ ಈ ಪರೀಕ್ಷೆ ಉಂಟು. ಆದ್ದರಿಂದ ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಎದೆಗುಂದಬೇಡಿ.

"ಕತ್ತಿ ತಾಗಿಸಿದರೆ ಹರಡುತ್ತದೆ" ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ಇದು ನಿಜವಲ್ಲ. ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವುದರಿಂದ ಅಪವಾದ ಕತ್ತಿಯ ಮೇಲೆ ಬರುತ್ತದೆ, ಅಷ್ಟೆ. ನಿಜವಾದ ಅಪಾಯ ಇರುವುದು ಮಚ್ಚೆಯನ್ನು ಬ್ಲೇಡಿನಿಂದ ಕೆರೆಯುವುದರಲ್ಲಿ, ಗೇರೆಣ್ಣೆ ಹಚ್ಚಿ ಸುಡುವುದರಲ್ಲಿ, ಆಣಿಪಟ್ಟಿ ಅಂಟಿಸಿ ಕಾಲ ಕಳೆಯುವುದರಲ್ಲಿ.

ಪರೀಕ್ಷೆಗೆ ಮುನ್ನ ಸಕ್ಕರೆ ಕಾಯಿಲೆ, ಗರ್ಭ, ಔಷಧಿಗಳ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅಂಗಾಲಿನ ಹೊಲಿಗೆ ಬಿಚ್ಚಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ಕೆಸರುಗದ್ದೆಗೆ ಇಳಿಯಬಾರದು. ಕೀವು, ಜ್ವರ, ನಿಲ್ಲದ ರಕ್ತ ಕಂಡರೆ ಕೂಡಲೇ ವೈದ್ಯರನ್ನು ಕಾಣಿ.

ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಕ್ಯಾನ್ಸರ್ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಗಾಯ ಮಾಗಿತೆಂದು ವರದಿ ತರುವುದನ್ನು ಮಾತ್ರ ಮರೆಯಬೇಡಿ. ತೆಳುವಾಗಿರುವಾಗಲೇ ತೆಗೆದ ಮೆಲನೋಮಾ ಬಹುಮಟ್ಟಿಗೆ ಗುಣವಾಗುತ್ತದೆ. ಸ್ನಾನದ ವೇಳೆ ವಾರಕ್ಕೊಮ್ಮೆ ಅಂಗಾಲು ತಿರುಗಿಸಿ ನೋಡಿಕೊಳ್ಳಿ. ಹಿರಿಯರಿದ್ದರೆ ಅವರ ಕಾಲನ್ನೂ ನೋಡಿ.